ಸಂತೆಯ ವಾರ ನೋಡಿಕೊಂಡು ಟಿಕೆಟ್ ಮಾಡಿಸಿ: ದಕ್ಷಿಣ ಮೆಕ್ಸಿಕೊಗೆ ಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನಾವು ಗಂಡ-ಹೆಂಡತಿ ಡಲ್ಲಾಸ್‌ನಲ್ಲಿದ್ದೇವೆ. ಊರಿಂದ ಅಮ್ಮ ಬಂದಿದ್ದಾರೆ. ವಯಸ್ಸು 66, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಹೆಚ್ಚಾದರೆ ಮಾತ್ರ ಮಂಡಿ ನೋವು. ಜನವರಿಯಲ್ಲಿ 10 ದಿನ ದಕ್ಷಿಣ ಮೆಕ್ಸಿಕೊ ನೋಡುವ ಆಸೆ. ವಹಾಕಾ, ಚಿಯಾಪಾಸ್, ಯುಕತಾನ್ ಮೂರೂ ರಾಜ್ಯಗಳು ಆಗುತ್ತವೆಯೇ? ಹಳೆಯ ಪಟ್ಟಣಗಳಲ್ಲಿ ಯಾವುದನ್ನು ತಪ್ಪಿಸಬಾರದು? ಸಂತೆಯಲ್ಲಿ ಕೈಕೆಲಸದ ಸಾಮಾನು ಕೊಳ್ಳುವಾಗ ಅಸಲಿ ಯಾವುದು ಅಂತ ತಿಳಿಯೋದು ಹೇಗೆ?

ಉತ್ತರ: ಮೂರೂ ಆಗುವುದಿಲ್ಲ. ಯುಕತಾನ್ ಈ ಸಲ ಬಿಡಿ. ವಹಾಕಾಗೆ 6 ದಿನ, ಚಿಯಾಪಾಸ್‌ಗೆ 4 ದಿನ ಇಟ್ಟುಕೊಳ್ಳಿ. ಅಮ್ಮನಿಗೆ ದಣಿವಾಗುತ್ತದೆ ಅನಿಸಿದರೆ ಹತ್ತೂ ದಿನ ವಹಾಕಾದಲ್ಲೇ ಉಳಿಯಿರಿ, ಏನೂ ನಷ್ಟವಿಲ್ಲ.

ನೂಲಿಗೆ ಬಣ್ಣ ಹಾಕುವುದು ನನ್ನ ಕಸುಬು. ಅಲ್ಲಿಯವರ ಕೆಂಪು ಬಣ್ಣ ಕಲಿಯಬೇಕೆಂದು ಮೊದಲ ಸಲ ವಹಾಕಾ ಕಣಿವೆಗೆ ಹೋದೆ, ಆಮೇಲೆ ಮತ್ತೆ ಮತ್ತೆ ಹೋಗಿದ್ದೇನೆ. ಹೋದಷ್ಟು ಸಲವೂ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗುತ್ತಾ ಬಂದಿದೆ. ಅಲ್ಲಿ ಸಂತೆ, ಕೈಕೆಲಸ, ಹಳೆಯ ಪಟ್ಟಣ ಒಂದರಿಂದ ಒಂದು ಬಿಡಿಯಾಗಿಲ್ಲ. ಮೀತ್ಲಾ ಎಂಬ ಹಳೆಯ ಪಟ್ಟಣದ ಗೋಡೆಯಲ್ಲಿರುವ ಕಲ್ಲಿನ ವಿನ್ಯಾಸ ಪಕ್ಕದ ಊರಿನ ಮಗ್ಗದ ಮೇಲೆ ಇವತ್ತೂ ಮೂಡುತ್ತಿದೆ. ಆ ಮಗ್ಗದ ಮನೆಯವರು ಭಾನುವಾರ ಸಂತೆಗೆ ಬರುತ್ತಾರೆ. ಸಂತೆಯಲ್ಲಿ ನಿಮ್ಮ ಕಿವಿಗೆ ಬೀಳುವ ಸಾಪೊತೆಕ್ ನುಡಿ ಆ ಪಟ್ಟಣಗಳನ್ನು ಕಟ್ಟಿದವರ ನುಡಿಯ ಸಂತತಿ. ಆದ್ದರಿಂದ ‘ನೋಡಲೇಬೇಕಾದ ಜಾಗಗಳು’ ಅಂತ ಪಟ್ಟಿ ಹಿಡಿದು ಓಡಬೇಡಿ. ಸಂತೆಯ ವಾರಗಳನ್ನು ಮೊದಲು ಬರೆದಿಟ್ಟುಕೊಳ್ಳಿ, ಉಳಿದದ್ದನ್ನು ಅವುಗಳ ಸುತ್ತ ಹೊಂದಿಸಿ.

ಕಾಗದಪತ್ರದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟಿನಲ್ಲಿ ಅವಧಿ ಮೀರದ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ, ಅಮ್ಮನ ಸಂದರ್ಶಕ ವೀಸಾಕ್ಕೂ ಇದು ಅನ್ವಯಿಸುತ್ತದೆ. ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದು, ಕೈಯಲ್ಲಿ ಎಚ್-1ಬಿ ವಿಸ್ತರಣೆಯ ಕಾಗದ ಮಾತ್ರ ಇದ್ದರೆ ಅದು ಸಾಲದು. ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ. ಜನವರಿ ಒಳ್ಳೆಯ ಆಯ್ಕೆ. ವಹಾಕಾದಲ್ಲಿ ಮಳೆಯಿಲ್ಲ, ಹಗಲು ಹಿತವಾದ ಬಿಸಿಲು, ರಾತ್ರಿಗೊಂದು ಸ್ವೆಟರ್.

ಹೆಸರಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಓಕ್ಸಾಕಾ’ ಅಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೀವು ಬರೆದ ಹಾಗೆ ‘ವಹಾಕಾ’ ಅನ್ನುವುದೇ ಸರಿ.

ಈಗ ಸಂತೆ. ಬಯಲು ಸಂತೆಗೆ ಅಲ್ಲಿ ‘ತಿಯಾಂಗಿಸ್’ ಅನ್ನುತ್ತಾರೆ. ಸ್ಪೇನಿನವರು ಬರುವುದಕ್ಕೆ ಮುಂಚಿನ ನಾವಾತ್ಲ್ ಭಾಷೆಯ ಪದ ಅದು. ಕಣಿವೆಯ ಒಂದೊಂದು ಊರಿಗೆ ಒಂದೊಂದು ವಾರ: ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲೂಲಾ. ನಮ್ಮ ಸೋಮವಾರದ ಸಂತೆ, ಗುರುವಾರದ ಸಂತೆ ಇದ್ದ ಹಾಗೆಯೇ. ಒಂದೇ ಸಂತೆ ನೋಡಲು ಸಾಧ್ಯ ಅಂದರೆ ತ್ಲಾಕೊಲೂಲಾ ನೋಡಿ. ವಹಾಕಾ ನಗರದಿಂದ ಸುಮಾರು 30 ಕಿಲೋಮೀಟರ್. ಈ ಸೀಮೆಯ ಅತ್ಯಂತ ಹಳೆಯ ಸಂತೆಗಳಲ್ಲಿ ಅದೂ ಒಂದು.

ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿರಿ. ಬಣ್ಣದ ಟಾರ್ಪಾಲುಗಳ ಕೆಳಗೆ ಕಾಲುಗಳಿಗೆ ಹಗ್ಗ ಕಟ್ಟಿಸಿಕೊಂಡ ಟರ್ಕಿ ಕೋಳಿಗಳು, ಧೂಪಕ್ಕೆ ಹಾಕುವ ಕೊಪಾಲ್ ಅಂಟು, ನೇಗಿಲು, ಮೂರು ಕಾಲಿನ ಅರೆಯುವ ಕಲ್ಲು, ಒಣಮೆಣಸಿನಕಾಯಿಯ ರಾಶಿ. ಹೆಂಗಸರು ಚೌಕಳಿ ಬಟ್ಟೆಯ ಮೇಲೆ ಹೂ ಕಸೂತಿ ಹಾಕಿದ ಏಪ್ರನ್ ತೊಟ್ಟಿರುತ್ತಾರೆ. ಪ್ರವಾಸಿಗರಿಗಾಗಿ ತೊಟ್ಟದ್ದಲ್ಲ, ದಿನನಿತ್ಯದ ಉಡುಗೆ. ನಿಮ್ಮ ಅಮ್ಮನನ್ನು ತರಕಾರಿ ಸಾಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟುಬಿಡಿ. ನಾವು ನಮ್ಮದೇ ಅಂದುಕೊಂಡಿರುವ ಎಷ್ಟೋ ಪದಾರ್ಥಗಳು ಆ ಕಡೆಯಿಂದಲೇ ಬಂದವು: ಮೆಣಸಿನಕಾಯಿ, ಮುಸುಕಿನ ಜೋಳ, ಪರಂಗಿ, ಸಪೋಟ, ಹೆಸರಿನಲ್ಲೇ ‘ಸೀಮೆ’ ಹೊತ್ತಿರುವ ಸೀಮೆಬದನೆ. ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವು, ಮದುವೆಯ ಹಾರದ ಸುಗಂಧರಾಜ ಕೂಡ ಅಲ್ಲಿನವೇ. ನೆಲದ ಮೇಲೆ ಗುಡ್ಡೆ ಹಾಕಿಟ್ಟ ಸೀಮೆಬದನೆ ಕಂಡಾಗ ಭಾಷೆ ಬಾರದಿದ್ದರೂ ಮಾತು ಹೇಗೋ ಶುರುವಾಗುತ್ತದೆ.

ಅಲ್ಲೇ ‘ತೆಹಾತೆ’ ಕುಡಿಯಿರಿ. ಬೂದಿ ಹಾಕಿ ಬೇಯಿಸಿದ ಮುಸುಕಿನ ಜೋಳ, ಕೋಕೊ ಬೀಜ, ಮಾಮೇ ಹಣ್ಣಿನ ಬೀಜ, ‘ಕೋಕೊ ಹೂ’ ಅಂತ ಕರೆಯುವ ಒಂದು ಮರದ ಹೂವು, ಇಷ್ಟನ್ನೂ ಅರೆದು ಮಾಡುವ ತಣ್ಣನೆಯ ಪಾನೀಯ. ಹೆಂಗಸು ಮೊಣಕೈವರೆಗೆ ಕೈ ಮುಳುಗಿಸಿ ಹಿಟ್ಟನ್ನು ನಾದುತ್ತಾಳೆ, ಮೇಲಿನಿಂದ ನೀರು ಸುರಿಯುತ್ತಾಳೆ. ಬೆಣ್ಣೆ ಕಡೆದಾಗ ತೇಲುವ ಹಾಗೆ ಬಿಳಿ ನೊರೆ ಗಟ್ಟಿಯಾಗಿ ಮೇಲೆ ಬರುತ್ತದೆ. ಬಣ್ಣ ಬಳಿದ ಸೋರೆ ಬುರುಡೆಯಲ್ಲಿ ಕೊಡುತ್ತಾರೆ. ಹಾಲಿಲ್ಲ, ಮಾಂಸವಿಲ್ಲ, ಅಮ್ಮನೂ ಕುಡಿಯಬಹುದು. ನೀರು ಎಲ್ಲಿಯದೆಂದು ಕೇಳಿ, ಜನ ಮುಗಿಬಿದ್ದಿರುವ ಕಡೆ ಕುಡಿಯಿರಿ.

ಅದೇ ರಸ್ತೆಯಲ್ಲಿ ಮುಂದೆ ಮೀತ್ಲಾ, ನಗರದಿಂದ 45 ಕಿಲೋಮೀಟರ್ ಆಸುಪಾಸು. ಭಾನುವಾರ ಬಾಗಿಲು ತೆರೆಯುತ್ತಿದ್ದಂತೆ ಮೊದಲು ಮೀತ್ಲಾ ನೋಡಿಕೊಂಡು, ವಾಪಸ್ಸು ಬರುವಾಗ ಸಂತೆಗೆ ಇಳಿದರೂ ಸರಿ. ಎತ್ತರದ ಪಿರಮಿಡ್ಡುಗಳ ಊರಲ್ಲ ಇದು, ಹತ್ತುವುದು ಕಡಿಮೆ, ಅಮ್ಮನಿಗೆ ಅನುಕೂಲ. ನೋಡಬೇಕಾದ್ದು ಗೋಡೆ. ಸಣ್ಣ ಸಣ್ಣ ಕಲ್ಲುಗಳನ್ನು ಅಳತೆಗೆ ಕಡಿದು, ಗಾರೆಯಿಲ್ಲದೆ ಒಂದರ ಪಕ್ಕ ಒಂದು ಕೂರಿಸಿದ ಸುತ್ತುಗೆರೆ, ಮೆಟ್ಟಿಲುಗೆರೆ, ಅಂಕುಡೊಂಕು ಪಟ್ಟಿಗಳು. ಹತ್ತಿರ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಒಂದೊಂದು ಕಲ್ಲಿನ ನೆರಳೂ ಬೇರೆಯಾಗಿ ಕಾಣುತ್ತದೆ. ಕಂಬಗಳ ಸಭಾಂಗಣದಲ್ಲಿ ಆರು ಏಕಶಿಲಾ ಕಂಬಗಳಿವೆ. ಪಕ್ಕದಲ್ಲೇ ಹಳೆಯ ಅಂಗಳಗಳ ಮೇಲೆ ಸ್ಪೇನಿನವರು ಎಬ್ಬಿಸಿದ ಸಾನ್ ಪಾಬ್ಲೊ ಚರ್ಚು. ಗೆದ್ದವರು ಹಳೆಯ ಕಲ್ಲನ್ನೇ ಕಿತ್ತು ತಮ್ಮ ಗೋಡೆ ಕಟ್ಟಿಕೊಂಡದ್ದು ಬರಿಗಣ್ಣಿಗೇ ಕಾಣುತ್ತದೆ. ನೆಲದಡಿಯ ಸಮಾಧಿಗಳಿಗೆ ಬಗ್ಗಿ ನುಸುಳಬೇಕು, ಅಮ್ಮ ಮೇಲೆಯೇ ಇರಲಿ.

ಈ ಗೋಡೆಯ ಗೆರೆಗಳನ್ನು ಕಣ್ಣಲ್ಲಿಟ್ಟುಕೊಂಡೇ ಮರುದಿನ ತೆಯೊತಿತ್ಲಾನ್ ದೆಲ್ ವಾಯೆಗೆ ಹೋಗಿ. ಇದು ಉಣ್ಣೆಯ ನೆಲಹಾಸಿನ ಊರು. ಕುರಿ, ಕಾಲಿನಿಂದ ತುಳಿಯುವ ದೊಡ್ಡ ಮಗ್ಗ ಎರಡೂ ಸ್ಪೇನಿನವರ ಜೊತೆ ಬಂದವು. ಅದರ ಮೇಲೆ ನೇಯುವುದು ಮಾತ್ರ ಮೀತ್ಲಾದ ಮೆಟ್ಟಿಲುಗೆರೆ. ಊರಿನ ಚರ್ಚಿನ ಗೋಡೆಯಲ್ಲಿ ಸಾಪೊತೆಕ್ ಕೆತ್ತನೆಯ ಕಲ್ಲುಗಳು ಸಿಕ್ಕಿಕೊಂಡಿವೆ, ಸುತ್ತು ಹಾಕಿ ಹುಡುಕಿ. ಮುಖ್ಯರಸ್ತೆಯ ದೊಡ್ಡ ಮಳಿಗೆಗಳಲ್ಲಿ ನಿಲ್ಲಬೇಡಿ. ಪ್ರವಾಸಿ ಗಾಡಿಯವರಿಗೆ ಅಲ್ಲಿ ಕಮಿಷನ್ ಹೋಗುತ್ತದೆ, ಅದು ನಿಮ್ಮ ಬೆಲೆಗೇ ಸೇರುತ್ತದೆ. ಊರೊಳಗೆ ನಡೆಯಿರಿ. ಮಗ್ಗದ ಸದ್ದು ಕೇಳಿದ ಮನೆಯ ಬಾಗಿಲಲ್ಲಿ ನಿಂತು ‘ಬ್ವೆನೊಸ್ ದಿಯಾಸ್’ ಅಂದರೆ ಸಾಕು, ಒಳಗೆ ಕರೆಯುತ್ತಾರೆ.

ಅಂಥ ಒಂದು ಅಂಗಳದಲ್ಲಿ ನಾನು ಮೊದಲ ಸಲ ‘ಕೊಚಿನೀಯ’ ಎಂಬ ಕೆಂಪು ಬಣ್ಣದ ಹುಳು ಕಂಡದ್ದು. ಪಾಪಾಸುಕಳ್ಳಿಯ ಎಲೆಯ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಚುಕ್ಕೆಗಳು, ಒಂದೊಂದೂ ಒಂದು ಹುಳು. ಆ ಮನೆಯಾಕೆ ಒಣಗಿದ ಬೂದುಬಣ್ಣದ ಕಾಳಿನಂಥವನ್ನು ಚಿಟಿಕೆಯಷ್ಟು ಅರೆಕಲ್ಲಿನ ಮೇಲೆ ಪುಡಿ ಮಾಡಿ, ನನ್ನ ಅಂಗೈಗೆ ಹಾಕಿ ನೀರು ಚಿಮುಕಿಸಿದರು. ಅಂಗೈ ರಕ್ತಗೆಂಪಾಯಿತು. ಅದರ ಮೇಲೆ ನಿಂಬೆಹಣ್ಣು ಹಿಂಡಿದರು, ಕಿತ್ತಳೆಯಾಯಿತು. ಅಡುಗೆ ಸೋಡಾ ಉದುರಿಸಿದರು, ನೇರಳೆಗೆ ತಿರುಗಿತು. ಹುಳಿ, ಕ್ಷಾರಗಳ ಹೆಚ್ಚುಕಡಿಮೆಯಿಂದಲೇ ಒಂದು ಹುಳುವಿನಿಂದ ಹತ್ತಾರು ಕೆಂಪುಗಳನ್ನು ಎಬ್ಬಿಸುತ್ತಾರೆ. ಒಂದು ಕಿಲೋ ಒಣ ಹುಳುವಿಗೆ ಲಕ್ಷಕ್ಕೂ ಮಿಕ್ಕಿ ಹುಳುಗಳು ಬೇಕು. ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೊದಿಂದ ಹಡಗೇರಿದ ಸರಕಿನಲ್ಲಿ ಬೆಳ್ಳಿಯನ್ನು ಬಿಟ್ಟರೆ ಹೆಚ್ಚು ಬೆಲೆಬಾಳುತ್ತಿದ್ದದ್ದು ಇದೇ ಕೆಂಪು.

ಈ ಕೆಂಪಿನ ಆಸೆಗೆ ಬಿದ್ದು ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಕಳ್ಳಿ ತೋಟ ಮಾಡಿಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿಕೊಂಡರು. ಬಂದದ್ದು ಬೇರೆ ಜಾತಿಯ ಹುಳು. ಬಣ್ಣ ಕೊಡುವ ಬದಲು ಅದು ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದುಹಾಕಿತು. ನಮ್ಮ ಹೊಲದ ಬೇಲಿಗಳಲ್ಲಿ ಕಳ್ಳಿ ಕಂಡಾಗಲೆಲ್ಲ ನನಗೆ ತೆಯೊತಿತ್ಲಾನ್‌ನ ಆ ಅಂಗಳ ನೆನಪಾಗುತ್ತದೆ.

ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ, ಕೆಂಪು ನೆಲಹಾಸೆಂದರೆ ಹುಳುವಿನ ಬಣ್ಣ. ಅದು ಬೇಡವೆಂದರೆ ನೀಲಿಗಿಡದ ನೀಲಿ, ದಾಳಿಂಬೆ ಸಿಪ್ಪೆಯ ಬಣ್ಣ, ಪೆರಿಕೋನ್ ಹೂವಿನ ಹಳದಿ ಇವೆ.

ಅಸಲಿ ಯಾವುದೆಂದು ಕೇಳಿದ್ದೀರಿ. ಬಣ್ಣ ಗಿಡದ್ದೋ ಡಬ್ಬಿಯದೋ ಎಂದು ಬರೀ ಕಣ್ಣಿನಿಂದ ಖಚಿತವಾಗಿ ಹೇಳಲು ಈ ಕಸುಬಿನಲ್ಲಿರುವ ನನಗೂ ಆಗುವುದಿಲ್ಲ. ಆದ್ದರಿಂದ ಸಾಮಾನಿಗಿಂತ ಮೊದಲು ಕೆಲಸ ನೋಡಿ. ಬಣ್ಣದ ಹಂಡೆ ಎಲ್ಲಿದೆ, ಬಣ್ಣ ಹಾಕಿದ ಲಡಿ ಎಲ್ಲಿ ಒಣಗುತ್ತಿದೆ, ಮಗ್ಗದ ಮೇಲೆ ಈಗ ಏನಿದೆ ಎಂದು ಕೇಳಿ. ‘ಲೊ ಇಸೊ ಉಸ್ತೆದ್?’ ಅಂದರೆ ‘ನೀವೇ ಮಾಡಿದ್ದಾ?’ ಇದೊಂದು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ. ಮಾಡಿದವರ ಮುಖ ಅರಳುತ್ತದೆ, ಬರೀ ಮಾರುವವರು ಮಾತು ತಿರುಗಿಸುತ್ತಾರೆ. ಉಣ್ಣೆಯೋ ಅಕ್ರಿಲಿಕ್ಕೋ ಎಂಬುದಕ್ಕೆ ಮಾತ್ರ ಪಕ್ಕಾ ಪರೀಕ್ಷೆಯಿದೆ. ಕೊಂಡ ಮೇಲೆ ಅಂಚಿನ ಒಂದೆಳೆ ಕಿತ್ತು ಸುಟ್ಟರೆ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ರಾಸಾಯನಿಕ ಬಣ್ಣ ಬಳಸುತ್ತೇವೆ ಅಂತ ನೇರವಾಗಿ ಹೇಳುವ ನೇಕಾರರೂ ಇದ್ದಾರೆ. ಅವರ ನೇಯ್ಗೆ ಕೀಳಲ್ಲ, ಬೆಲೆ ಕಡಿಮೆಯಿರಬೇಕು ಅಷ್ಟೆ.

ಚೌಕಾಸಿ ಮಾಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಮಾಡಿದವರ ಮನೆಯಲ್ಲೇ ನಿಂತಿರುವಾಗ ಬೇಡ. ಒಂದು ನೆಲಹಾಸಿನ ಹಿಂದೆ ವಾರಗಟ್ಟಲೆ ಕೂಲಿ ಇದೆ. ಎರಡು ಮೂರು ತೆಗೆದುಕೊಂಡರೆ ಅವರೇ ಸ್ವಲ್ಪ ಇಳಿಸುತ್ತಾರೆ. ಸಣ್ಣ ನೋಟುಗಳಲ್ಲಿ ಪೆಸೊ ಇಟ್ಟುಕೊಂಡಿರಿ.

ಮೊಂತೆ ಆಲ್ಬಾನ್‌ಗೆ ಒಂದು ಬೆಳಗು ಪೂರ್ತಿ ಕೊಡಿ. ನಗರದಿಂದ 9 ಕಿಲೋಮೀಟರ್. ಕ್ರಿಸ್ತಪೂರ್ವ 500ರ ಸುಮಾರಿಗೆ ಸಾಪೊತೆಕರು ಕಣಿವೆಯಿಂದ 400 ಮೀಟರ್ ಎತ್ತರದ ಬೆಟ್ಟದ ತಲೆಯನ್ನು ಮಟ್ಟ ಮಾಡಿ ಕಟ್ಟಿದ ಪಟ್ಟಣ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಜನ ಬಾಳಿದರು. ನಡುವಿನ ಬಯಲು ಸಮತಟ್ಟಾಗಿದೆ, ಅಮ್ಮ ಒಂದು ಮೆಟ್ಟಿಲೂ ಹತ್ತದೆ ಅರ್ಧದಷ್ಟು ನೋಡಬಹುದು. ಟೊಪ್ಪಿಗೆ, ನೀರು ಮರೆಯಬೇಡಿ, ನೆರಳು ಕಡಿಮೆ. ‘ದಾನ್ಸಾಂತೆಸ್’ ಎಂಬ ಕಲ್ಲುಗಳ ಮುಂದೆ ನಿಧಾನವಾಗಿ ನಿಲ್ಲಿ. ಕೈಕಾಲು ತಿರುಚಿಕೊಂಡ ಬೆತ್ತಲೆ ಆಕೃತಿಗಳನ್ನು ಕಂಡು ಹಿಂದೆ ಕುಣಿಯುವವರು ಅಂದುಕೊಂಡು ಆ ಹೆಸರಿಟ್ಟರು. ಕಣ್ಣು ಮುಚ್ಚಿವೆ, ಬಾಯಿ ತೆರೆದಿದೆ. ಕೊಂದ ಸೆರೆಯಾಳುಗಳ ಚಿತ್ರ ಇವು ಎಂಬುದು ಈಗ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇಂಥ 300ಕ್ಕೂ ಹೆಚ್ಚು ಕಲ್ಲುಗಳು ಸಿಕ್ಕಿವೆ.

ಮಧ್ಯಾಹ್ನ ನಗರಕ್ಕೆ ಇಳಿದು ಸಾಂತೊ ದೊಮಿಂಗೊ ಚರ್ಚಿನ ಪಕ್ಕದ ಹಳೆಯ ಮಠದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸೋಮವಾರ ಅದಕ್ಕೆ ರಜೆ. 1932ರಲ್ಲಿ ಪುರಾತತ್ವಜ್ಞ ಆಲ್ಫೊನ್ಸೊ ಕಾಸೊ ಮೊಂತೆ ಆಲ್ಬಾನ್‌ನ 7ನೇ ಸಮಾಧಿಯಲ್ಲಿ ಕಂಡ ಚಿನ್ನ, ಟರ್ಕೋಯಿಸ್ ಎಂಬ ಹಸಿರುನೀಲಿ ಕಲ್ಲಿನ ತುಣುಕು ಅಂಟಿಸಿದ ತಲೆಬುರುಡೆ, ಕೆತ್ತಿದ ಜಾಗ್ವಾರ್ ಎಲುಬುಗಳು ಅಲ್ಲಿವೆ. ಸಮಾಧಿ ಸಾಪೊತೆಕರದು, ನಿಧಿ ಆಮೇಲೆ ಬಂದ ಮಿಸ್ತೆಕ್ ಜನರದು. ಬೆಟ್ಟ, ನಿಧಿ ಎರಡನ್ನೂ ಒಂದೇ ದಿನ ನೋಡಿದರೆ ಮನಸ್ಸಿನಲ್ಲಿ ಕೂಡಿಕೊಳ್ಳುತ್ತವೆ.

ಮೊಂತೆ ಆಲ್ಬಾನ್‌ನಲ್ಲಿ ಯಾರಾದರೂ ಹತ್ತಿರ ಬಂದು, ‘ಹೊಲ ಉಳುವಾಗ ಸಿಕ್ಕಿತು’ ಅಂತ ಮಣ್ಣಿನ ಮೂರ್ತಿ ತೋರಿಸಿದರೆ ಕೊಳ್ಳಲೇಬೇಡಿ. ಬಹುತೇಕ ಈಗ ಮಾಡಿದ್ದೇ ಆಗಿರುತ್ತದೆ. ನಿಜವಾಗಿ ಹಳೆಯದಾದರೆ 1972ರ ಕಾನೂನಿನ ಪ್ರಕಾರ ಅದು ರಾಷ್ಟ್ರದ ಸ್ವತ್ತು, ದೇಶದಿಂದ ಹೊರಗೆ ಒಯ್ಯುವುದು ಅಪರಾಧ.

ಶುಕ್ರವಾರ ದಕ್ಷಿಣದ ರಸ್ತೆ ಹಿಡಿಯಿರಿ. ಒಕೊತ್ಲಾನ್ ಸಂತೆಗೆ ಹೋಗುವ ದಾರಿಯಲ್ಲೇ ಸಾನ್ ಬಾರ್ತೊಲೊ ಕೊಯೊತೆಪೆಕ್ ಸಿಗುತ್ತದೆ, ಕಪ್ಪು ಮಣ್ಣಿನ ಪಾತ್ರೆಗಳ ಊರು. ಅಲ್ಲಿ ತಿಗರಿ ಇಲ್ಲ. ಒಂದು ತಟ್ಟೆ ಬೋರಲು ಹಾಕಿ ಅದರ ಮೇಲೆ ಇನ್ನೊಂದನ್ನು ಕೂರಿಸಿ, ಕೈಯಿಂದಲೇ ತಿರುಗಿಸುತ್ತಾ ಮಡಕೆ ಎತ್ತುತ್ತಾರೆ. ಗೂಡಿನ ಬಾಯಿ ಮುಚ್ಚಿ ಹೊಗೆಯಲ್ಲಿ ಬೇಯಿಸುವುದರಿಂದ ಕಪ್ಪು ಬರುತ್ತದೆ. 1950ರ ದಶಕದಲ್ಲಿ ದೋನ್ಯಾ ರೋಸಾ ಎಂಬಾಕೆ, ಬೇಯಿಸುವ ಮೊದಲು ಸ್ಫಟಿಕದ ಕಲ್ಲಿನಿಂದ ಉಜ್ಜಿ ಕಡಿಮೆ ಬೆಂಕಿಯಲ್ಲಿ ಬೇಯಿಸಿದರೆ ಕನ್ನಡಿಯಂಥ ಹೊಳಪು ಬರುತ್ತದೆಂದು ಕಂಡುಕೊಂಡರು. ಊರಿನ ಬದುಕೇ ಬದಲಾಯಿತು. ಆದರೆ ಹೊಳಪು ಬಂದಾಗ ಗಟ್ಟಿತನ ಹೋಯಿತು. ಹೊಳೆಯುವ ಹೂಜಿಯಲ್ಲಿ ನೀರು ನಿಲ್ಲುವುದಿಲ್ಲ, ಅದು ನೋಡಲಿಕ್ಕೆ. ಬಳಸಲು ಬೇಕಾದರೆ ಹೊಳಪಿಲ್ಲದ ಬೂದುಬಣ್ಣದ್ದನ್ನು ಕೇಳಿ.

ಆತ್ಸೊಂಪಾ ಎಂಬ ಊರಿನ ಹಸಿರು ಹೊಳಪಿನ ಪಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಪದ್ಧತಿಯ ಹೊಳಪಿನಲ್ಲಿ ಸೀಸ ಇರುತ್ತದೆ. ಹುಣಸೆ, ನಿಂಬೆ, ಟೊಮೆಟೊ ಬಿದ್ದ ನಮ್ಮ ಅಡುಗೆಗೆ ಅದನ್ನು ಬಳಸಿದರೆ ಹುಳಿಗೆ ಸೀಸ ಬಿಡುತ್ತದೆ. ‘ಸಿನ್ ಪ್ಲೊಮೊ’, ಅಂದರೆ ಸೀಸವಿಲ್ಲದ್ದು, ಅಂತ ಕೇಳಿ ತೆಗೆದುಕೊಳ್ಳಿ. ಖಾತ್ರಿಯಿಲ್ಲದಿದ್ದರೆ ಹೂಕುಂಡ ಮಾಡಿಕೊಳ್ಳಿ, ಸಾರು ಕುದಿಸಬೇಡಿ.

ಊಟದ್ದು ನಿಮ್ಮ ದೊಡ್ಡ ಚಿಂತೆ ಇರಬೇಕು. ಕಣ್ಣಿಗೆ ಸಸ್ಯಾಹಾರದಂತೆ ಕಾಣುವುದರಲ್ಲೇ ಅಪಾಯವಿದೆ. ರುಬ್ಬಿದ ಹುರುಳಿಕಾಯಿ ಬೀಜಕ್ಕೆ ಹಂದಿ ಕೊಬ್ಬಿನ ಒಗ್ಗರಣೆ, ತ್ಲಾಯೂದಾ ಎಂಬ ದೊಡ್ಡ ರೊಟ್ಟಿಗೆ ಅದೇ ಕೊಬ್ಬಿನ ಗಸಿ, ಅನ್ನಕ್ಕೂ ಮೋಲೆ ಎಂಬ ಮಸಾಲೆ ಗೊಜ್ಜಿಗೂ ಕೋಳಿಯ ಸಾರು. ‘ಸಿನ್ ಮಾಂತೇಕಾ, ಸಿನ್ ಅಸ್ಯೆಂತೊ, ಸಿನ್ ಕಾಲ್ದೊ ದೆ ಪೊಯೊ, ಸಿನ್ ವೆವೊ’, ಅಂದರೆ ಕೊಬ್ಬಿಲ್ಲದೆ, ಗಸಿಯಿಲ್ಲದೆ, ಕೋಳಿಸಾರಿಲ್ಲದೆ, ಮೊಟ್ಟೆಯಿಲ್ಲದೆ. ಇದನ್ನು ಸ್ಪ್ಯಾನಿಷ್‌ನಲ್ಲಿ ಚೀಟಿಯ ಮೇಲೆ ಬರೆದು ಅಮ್ಮನ ಕೈಯಲ್ಲಿಡಿ. ನಂಬಿ ತಿನ್ನಬಹುದಾದ್ದೆಂದರೆ ಮಣ್ಣಿನ ಹೆಂಚಿನ ಮೇಲೆ ನಿಮ್ಮ ಕಣ್ಣೆದುರೇ ಬೇಯಿಸುವ ರೊಟ್ಟಿ, ಕುಂಬಳದ ಹೂವಿನ ಪಲ್ಯ, ಕಳ್ಳಿ ಎಲೆಯ ಪಲ್ಯ, ಬೆಣ್ಣೆಹಣ್ಣಿನ ಗೊಜ್ಜು. ಹಿಟ್ಟು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಮುಸುಕಿನ ಜೋಳದ್ದು, ಬಿಸಿಯಾಗಿ ತಿಂದರೆ ನಮ್ಮ ರೊಟ್ಟಿಯ ನೆನಪು ಬರುತ್ತದೆ. ಕೆಸಿಯೊ ಎಂಬ ಎಳೆಎಳೆಯ ಚೀಸು ರುಚಿಯಾದದ್ದೇ, ಆದರೆ ಹೆಪ್ಪಿಗೆ ಹಲವೆಡೆ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಐಸ್‌ಕ್ರೀಮ್ ಫಲಕದ ಮೇಲೆ ‘ತೂನಾ’ ಎಂದಿದ್ದರೆ ಗಾಬರಿ ಬೇಡ, ಅದು ಮೀನಲ್ಲ, ಪಾಪಾಸುಕಳ್ಳಿ ಹಣ್ಣು. ಮರೆಯದೆ ತಿನ್ನಿಸಿ.

ಇನ್ನು ಚಿಯಾಪಾಸ್. ಸಾನ್ ಕ್ರಿಸ್ತೊಬಾಲ್ ದೆ ಲಾಸ್ ಕಾಸಾಸ್ 2,200 ಮೀಟರ್ ಎತ್ತರದ ಊರು, ಜನವರಿಯ ರಾತ್ರಿ ನಡುಕ ಹುಟ್ಟಿಸುವ ಚಳಿ. ಇಲ್ಲಿನ ಸಂಪತ್ತು ಸೊಂಟದ ಮಗ್ಗದ ಬಟ್ಟೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ಬಾಗಿದರೆ ಹಾಸು ಬಿಗಿ, ಮುಂದಕ್ಕೆ ಬಂದರೆ ಸಡಿಲ. ಇಂಥ ಬಟ್ಟೆಯ ಗುರುತು ಅಂಚಿನಲ್ಲಿದೆ. ನಾಲ್ಕೂ ಕಡೆ ನೇಯ್ದ ಅಂಚೇ ಇರುತ್ತದೆ, ಕತ್ತರಿಸಿ ಮಡಿಚಿ ಹೊಲಿದದ್ದಲ್ಲ. ‘ವಿಪಿಲ್’ ರವಿಕೆಯನ್ನು ಕೊಳ್ಳುವ ಮೊದಲು ಮಗುಚಿ ಹಿಂಬದಿ ನೋಡಿ. ಈ ಊರಿನಲ್ಲೂ ಇರುವ ಸಾಂತೊ ದೊಮಿಂಗೊ ಚರ್ಚಿನ ಮುಂದಿನ ಅಂಗಡಿಗಳಲ್ಲಿ ಯಂತ್ರದ್ದೂ ಗ್ವಾಟೆಮಾಲಾದಿಂದ ಬಂದದ್ದೂ ಬೆರೆತಿರುತ್ತವೆ. ಅಲ್ಲಿಗೆ ಕೊಳ್ಳಲು ಹೋಗುವ ಮೊದಲು ಹಳೆಯ ಮಠದಲ್ಲಿರುವ ಬಟ್ಟೆಗಳ ಸಂಗ್ರಹಾಲಯ ಮತ್ತು ‘ಸ್ನಾ ಹೊಲೊಬಿಲ್’ ಎಂಬ ನೇಕಾರ ಹೆಂಗಸರ ಸಹಕಾರಿ ಮಳಿಗೆ ನೋಡಿ ಕಣ್ಣು ಪಳಗಿಸಿಕೊಳ್ಳಿ. ಆ ಹೆಸರಿಗೆ ತ್ಸೊತ್ಸಿಲ್ ಭಾಷೆಯಲ್ಲಿ ‘ನೇಯ್ಗೆಯ ಮನೆ’ ಎಂದು ಅರ್ಥ.

ಅಂಬರ್, ಅಂದರೆ ಕಾಲಾಂತರದಲ್ಲಿ ಕಲ್ಲಿನಂತಾದ ಮರದ ಅಂಟು, ಕೊಳ್ಳುವಾಗ ನಾನು ಮೋಸ ಹೋಗಿದ್ದೇನೆ. ಬೀದಿಬದಿಯ ಒಬ್ಬ ವ್ಯಾಪಾರಿಯಿಂದ ಕೊಂಡ ಪದಕ ಮನೆಗೆ ಬಂದು ಉಪ್ಪುನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗಿತು. ಗಟ್ಟಿ ಉಪ್ಪುನೀರಿನಲ್ಲಿ ನಿಜವಾದ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ, ಎಷ್ಟೋ ಪ್ಲಾಸ್ಟಿಕ್ಕುಗಳೂ ಮುಳುಗುತ್ತವೆ. ಒಳ್ಳೆಯ ಅಂಗಡಿಯವರು ನಿಮ್ಮೆದುರೇ ಈ ಪರೀಕ್ಷೆ ಮಾಡಿ ತೋರಿಸುತ್ತಾರೆ. ಒಪ್ಪದಿದ್ದರೆ ಎದ್ದು ಬನ್ನಿ.

ಹತ್ತಿರದ ಸಾನ್ ಹ್ವಾನ್ ಚಾಮುಲಾದ ಚರ್ಚಿಗೆ ಹೋಗುವುದಾದರೆ ತಯಾರಾಗಿ ಹೋಗಿ. ಬೆಂಚುಗಳಿಲ್ಲ. ನೆಲದ ತುಂಬಾ ಪೈನ್ ಎಲೆ, ಸಾಲು ಸಾಲು ಮೇಣದ ಬತ್ತಿ, ಮುಂದೆ ಕೂತು ತಮ್ಮ ನುಡಿಯಲ್ಲಿ ಬೇಡಿಕೊಳ್ಳುವ ಜನ. ಒಳಗೆ ಫೋಟೊ ಕಟ್ಟುನಿಟ್ಟಾಗಿ ನಿಷೇಧ, ಫೋನು ಚೀಲದಿಂದ ತೆಗೆಯಲೇಬೇಡಿ. ಅಲ್ಲಿ ಕೋಳಿ ಬಲಿ ನಡೆಯುವುದುಂಟು, ಅಮ್ಮನಿಗೆ ಕಷ್ಟವಾದರೆ ಹೊರಗಿನ ಸಂತೆಯಲ್ಲೇ ಇರಲಿ.

ಕೊನೆಗೆ ಪಾಲೆಂಕೆ, ಮಾಯಾ ಜನರ ಹಳೆಯ ಪಟ್ಟಣ. ಸಾನ್ ಕ್ರಿಸ್ತೊಬಾಲ್‌ನಿಂದ ನಕ್ಷೆಯಲ್ಲಿ 200 ಕಿಲೋಮೀಟರ್ ಆಸುಪಾಸು, ಘಟ್ಟದ ರಸ್ತೆಯಲ್ಲಿ ಅರ್ಧ ದಿನಕ್ಕೂ ಹೆಚ್ಚು. ಈ ದಾರಿಯಲ್ಲಿ ರಸ್ತೆ ತಡೆಗಳು ಆಗುತ್ತಲೇ ಇರುತ್ತವೆ, ಇತ್ತೀಚಿನ ವರ್ಷಗಳಲ್ಲಿ ಚಿಯಾಪಾಸ್‌ನ ಕೆಲವು ಭಾಗಗಳಲ್ಲಿ ಹಿಂಸೆಯೂ ಹೆಚ್ಚಿದೆ. ಹೊರಡುವ ವಾರ ವಿಚಾರಿಸಿ, ಹಗಲಲ್ಲೇ ಹೋಗಿ, ಬಸ್ಸಿನವರು ಬಳಸುದಾರಿಯಲ್ಲಿ ಹೋಗುತ್ತೇವೆ ಎಂದರೆ ಒಪ್ಪಿಕೊಳ್ಳಿ. ಸೆಕೆಯ ಕಾಡು, ಘರ್ಜಿಸುವ ಮಂಗಗಳು, ಮರಗಳ ನಡುವೆ ಏಳುವ ಬಿಳಿ ಕಲ್ಲಿನ ಗುಡಿಗಳು. ಶಾಸನಗಳ ಗುಡಿಯ ನೆಲದ ಚಪ್ಪಡಿಯಲ್ಲಿ ತೂತುಗಳಿದ್ದದ್ದನ್ನು ಪುರಾತತ್ವಜ್ಞ ಆಲ್ಬೆರ್ತೊ ರೂಸ್ ಗಮನಿಸಿದರು. ಎತ್ತಿಸಿದರೆ ಕೆಳಗೆ ಕಲ್ಲುಮಣ್ಣು ತುಂಬಿ ಮುಚ್ಚಿದ ಮೆಟ್ಟಿಲು. ಅದನ್ನು ತೆರವು ಮಾಡಲು ವರ್ಷಗಳೇ ಹಿಡಿದವು. 1952ರಲ್ಲಿ ತುದಿ ಮುಟ್ಟಿದಾಗ ಸಿಕ್ಕಿದ್ದು ಪಕಾಲ್ ರಾಜನ ಸಮಾಧಿ. 12ನೇ ವಯಸ್ಸಿಗೆ ಪಟ್ಟವೇರಿ 615ರಿಂದ 683ರವರೆಗೆ ಆಳಿದವನು. ಅವನ ಹಸಿರುಕಲ್ಲಿನ ಮುಖವಾಡ ಮೆಕ್ಸಿಕೊ ನಗರದಲ್ಲಿದೆ. ಗುಡಿಯನ್ನು ಹತ್ತಲು ಈಗ ಬಿಡುವುದಿಲ್ಲ, ಕೆಳಗಿಂದಲೇ ನೋಡಬೇಕು. ಅಲ್ಲಿಂದ ಹಿಂದಿರುಗಬೇಡಿ. ಎರಡು ಗಂಟೆ ದೂರದ ವಿಯಾಎರ್ಮೋಸಾದಿಂದ ವಿಮಾನ ಹಿಡಿಯಿರಿ.

ಟಿಕೆಟ್ ಮಾಡಿಸುವಾಗ ಶನಿವಾರ ಸಂಜೆಯೊಳಗೆ ವಹಾಕಾ ತಲುಪುವಂತೆ ನೋಡಿಕೊಳ್ಳಿ. ಭಾನುವಾರ ತ್ಲಾಕೊಲೂಲಾ ಸಿಗುತ್ತದೆ, ಶುಕ್ರವಾರ ಒಕೊತ್ಲಾನ್ ನೋಡಿಕೊಂಡು ಚಿಯಾಪಾಸ್ ಕಡೆಗೆ ಹೊರಡಬಹುದು. ದಾರಿಯಲ್ಲಿ ಸಾನ್ ಮಾರ್ತಿನ್ ತಿಲ್ಕಾಹೆತೆಯಲ್ಲಿ ಕೊಪಾಲ್ ಮರದ ಬಣ್ಣಬಣ್ಣದ ಪ್ರಾಣಿಗೊಂಬೆ ಕೊಂಡರೆ, ಡಲ್ಲಾಸ್‌ಗೆ ಬಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಮರದೊಳಗೆ ಕೊರೆಯುವ ಹುಳುವಿನ ಮೊಟ್ಟೆಗಳಿದ್ದರೆ ಅಲ್ಲೇ ಸಾಯುತ್ತವೆ.